ಓಡಿಹೋಗುವ ಡೈನೋಸಾರ್

ಭತ್ತದ ತೆನೆ ಬಲಿಯುವ ಹೊತ್ತಿಗೆ ಮುಂಡಗೋಡ, ಹಳಿಯಾಳದ ಕಾಡಂಚಿನ ಗದ್ದೆಗಳಿಗೆ ಆನೆಗಳು ಬರುತ್ತವೆ. ದಾಂಡೇಲಿ ಕಡೆಯ ಕಾಡಿನಿಂದ ಹೊರಟ ಹಿಂಡು ಯಾವ ರಾತ್ರಿ ಯಾರ ಗದ್ದೆಗೆ ಇಳಿಯುತ್ತದೆ ಎಂದು ಹೇಳಲಾಗದು. ರೈತರು ಮಾಳದ ಮೇಲೆ ಕೂತು ಕತ್ತಲೆಗೆ ಕಿವಿಗೊಟ್ಟಿರುತ್ತಾರೆ. ಬಿದಿರು ಮುರಿದ ಸದ್ದು, ಗಾಳಿಯಲ್ಲಿ ತೇಲಿ ಬಂದ ವಾಸನೆ, ಇದ್ದಕ್ಕಿದ್ದಂತೆ ಬದಲಾದ ನಾಯಿಯ ಬೊಗಳು: ಆನೆ ಕಣ್ಣಿಗೆ ಬೀಳುವ ಮೊದಲೇ ಅದು ಬಂದಿರುವುದು ತಿಳಿದುಹೋಗುತ್ತದೆ. ಆಮೇಲೆ ಪಟಾಕಿ, ತಮಟೆ, ಕೂಗು. ಕೆಲವು ಸಲ ಆನೆ ಹಿಂದೆ ಸರಿಯುತ್ತದೆ, ಕೆಲವು ಸಲ ಸರಿಯುವುದಿಲ್ಲ.

ಅಂದರೆ ದೊಡ್ಡ ಪ್ರಾಣಿಯ ಮುಂದೆ ಮನುಷ್ಯನಿಗೆ ಆಗುವ ಭಯದಲ್ಲಿ ಮುಕ್ಕಾಲು ಪಾಲು ಕಾಯುವುದೇ ಇರುತ್ತದೆ. ಡೈನೋಸಾರ್‌ಗಳನ್ನು ಬೇಟೆಯಾಡುವ ವಿಡಿಯೊ ಗೇಮುಗಳನ್ನು ತೂಗಿ ನೋಡಲು ಈ ಮಾಳಕ್ಕಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ.

ಈ ಬಗೆಯ ಆಟದಲ್ಲಿ ಆಡುವವನ ಕಣ್ಣೇ ಕ್ಯಾಮೆರಾ. ಪರದೆಯ ಕೆಳಗೆ ಕಾಣುವುದು ಬಂದೂಕಿನ ನಳಿಗೆ ಮಾತ್ರ. ಡೈನೋಸಾರ್‌ಗಳನ್ನು ಇದರೊಳಗೆ ತಂದು ಹೆಸರು ಮಾಡಿದ್ದು 1997ರ ‘ಟ್ಯುರಾಕ್: ಡೈನೋಸಾರ್ ಹಂಟರ್’. ಅಮೆರಿಕದ ಇಗ್ವಾನಾ ಎಂಟರ್‌ಟೇನ್‌ಮೆಂಟ್ ಇದನ್ನು ನಿಂಟೆಂಡೊ 64 ಯಂತ್ರಕ್ಕಾಗಿ ತಯಾರಿಸಿತು, ಅಕ್ಲೇಮ್ ಕಂಪನಿ ಮಾರುಕಟ್ಟೆಗೆ ತಂದಿತು. ಅಂದಿನ ಹೆಚ್ಚಿನ ಶೂಟರ್ ಆಟಗಳು ಇಕ್ಕಟ್ಟಾದ ಓಣಿ, ಕೋಣೆಗಳಲ್ಲೇ ಸುತ್ತುತ್ತಿದ್ದಾಗ ಟ್ಯುರಾಕ್ ಆಟಗಾರನನ್ನು ಬಯಲಿಗೆ, ಮರಗಳ ನಡುವೆ ತಂದು ನಿಲ್ಲಿಸಿತು. ಅದರ ಬಿಲ್ಲಿನ ಹೆದೆ ಎಳೆದು ಬಿಟ್ಟಾಗ ಸಿಗುವ ತೃಪ್ತಿ ಇಂದಿಗೂ ಮಾಸಿಲ್ಲ.

ಆ ಆಟದ ಮಂಜನ್ನು ಎಲ್ಲರೂ ಬೈದರು. ಯಂತ್ರದ ನೆನಪಿನ ಶಕ್ತಿ ಬರೀ 4 ಮೆಗಾಬೈಟ್. ದೂರದ ಮರಗಳನ್ನೆಲ್ಲ ಬಿಡಿಸುವಷ್ಟು ತ್ರಾಣ ಅದಕ್ಕಿರಲಿಲ್ಲವಾದ್ದರಿಂದ, ಕೆಲವೇ ಮಾರು ಆಚೆಗೆ ಎಲ್ಲವನ್ನೂ ಮಂಜಿನಿಂದ ಮುಚ್ಚಿದರು. ದೋಷವೆಂದರೆ ದೋಷವೇ. ಆದರೆ ಮಳೆಗಾಲದಲ್ಲಿ ಜೊಯಿಡಾದಿಂದ ಅಣಶಿ ಘಟ್ಟದ ಕಡೆಗೆ ಹೋದವರು ಇದನ್ನು ಬೇರೆ ಥರ ನೋಡಿಯಾರು. ಅಲ್ಲಿ ಮಂಜು ಕವಿದಾಗ ರಸ್ತೆಯ ಮುಂದಿನ ತಿರುವು ಸಹ ಕಾಣದು. ಎದುರಿಗೆ ಕಾಡುಕೋಣ ನಿಂತಿದ್ದರೆ ಅದು ಹತ್ತೇ ಹೆಜ್ಜೆಯಲ್ಲಿ ಪ್ರತ್ಯಕ್ಷ. ಟ್ಯುರಾಕ್‌ನಲ್ಲಿ ನಿಜವಾಗಿ ಎದೆ ನಡುಗಿಸುವುದು ಈ ಮಂಜೇ. 2015ರಲ್ಲಿ ನೈಟ್‌ಡೈವ್ ಸ್ಟುಡಿಯೋಸ್ ಆಟವನ್ನು ಹೊಸ ಕಂಪ್ಯೂಟರುಗಳಿಗಾಗಿ ತಿದ್ದಿ ಹೊರತಂದು, ಮಂಜನ್ನು ಬಹುದೂರಕ್ಕೆ ಸರಿಸಿತು. ನೋಟ ಚಂದವಾಯಿತು. ಹಳೆಯ ದಿಗಿಲು ಅದರೊಂದಿಗೇ ಕರಗಿತು.

ನಿಜವಾದ ಕೊರತೆ ಇರುವುದು ಬೇರೆ ಕಡೆ. ತನ್ನ ಕಾಲು ತನಗೆ ಕಾಣದ ಆಟದಲ್ಲಿ ಕಂಬದಿಂದ ಕಂಬಕ್ಕೆ ಜಿಗಿಯಬೇಕು. ಸ್ವಲ್ಪ ತಪ್ಪಿದರೂ ಪ್ರಪಾತ. ಅದನ್ನಾದರೂ ಸಹಿಸಬಹುದು, ಆದರೆ ಡೈನೋಸಾರ್‌ಗಳ ವರ್ತನೆಯನ್ನು ಸಹಿಸುವುದು ಕಷ್ಟ. ಕಂಡ ಕೂಡಲೇ ನೇರ ಬಂದೂಕಿನ ಬಾಯಿಗೇ ಓಡಿ ಬರುವುದೊಂದೇ ಅವಕ್ಕೆ ಗೊತ್ತು. ಕೆಲವಕ್ಕೆ ಮೈಮೇಲೆ ಆಯುಧಗಳನ್ನೂ ಕಟ್ಟಿದ್ದಾರೆ. 1998ರ ಟ್ಯುರಾಕ್ ಎರಡನೇ ಭಾಗದಲ್ಲಿ ಶತ್ರುವಿನ ತಲೆಯನ್ನು ಹುಡುಕಿಕೊಂಡು ಹೋಗಿ ಕೊರೆಯುವ ಆಯುಧವೊಂದು ಬಂತು. ಆಟಗಾರರು ಅದನ್ನು ಮರೆತಿಲ್ಲ. ಬಂದೂಕಿಗೆ ಸುರಿದ ಕಲ್ಪನೆಯಲ್ಲಿ ಕಾಲು ಭಾಗವನ್ನಾದರೂ ಪ್ರಾಣಿಗಳಿಗೆ ಎತ್ತಿಡಬಹುದಿತ್ತು.

ಟ್ಯುರಾಕ್ ಎಂಬ ನಾಯಕ ಅಮೆರಿಕದ ಮೂಲನಿವಾಸಿ. 1954ರಲ್ಲಿ ಕಾಮಿಕ್ಸ್ ಪುಸ್ತಕದಲ್ಲಿ ಹುಟ್ಟಿದವನು. ಬುಡಕಟ್ಟಿನವನೊಬ್ಬ ಇಂಥ ದೊಡ್ಡ ಆಟದ ನಾಯಕನಾದದ್ದು ದೊಡ್ಡ ಸಂಗತಿಯೇ. ಆದರೆ ಕಾಡಿನ ಬಗ್ಗೆ ಅವನಿಗೇನು ಗೊತ್ತಿದೆ ಎಂಬುದನ್ನು ಆಟ ಎಲ್ಲೂ ತೋರಿಸುವುದಿಲ್ಲ. ಜೊಯಿಡಾದ ಕುಣಬಿಗಳು, ಹಳಿಯಾಳದ ಸಿದ್ದಿಗಳು, ಗೌಳಿಗಳು ಹೆಜ್ಜೆಗುರುತಿನಿಂದ, ಲದ್ದಿಯಿಂದ, ಮುರಿದ ಗೆಲ್ಲಿನಿಂದ ಪ್ರಾಣಿಯ ಸುದ್ದಿ ಹೇಳಬಲ್ಲರು. ಆ ವಿದ್ಯೆಯಲ್ಲಿ ಒಂದಾದರೂ ಟ್ಯುರಾಕ್‌ನ ಕೈಗೆ ಸಿಕ್ಕಿದ್ದರೆ ಅದು ಬೇರೆಯೇ ಆಟವಾಗುತ್ತಿತ್ತು.

1998ರಲ್ಲೇ ಬಂದ ‘ಟ್ರೆಸ್‌ಪಾಸರ್’ ಪ್ರಾಣಿಗಳಿಗೆ ಜೀವ ತುಂಬಲು ಹೊರಟು ಸೋತ ಆಟ. ಜುರಾಸಿಕ್ ಪಾರ್ಕ್ ಚಿತ್ರಗಳ ದ್ವೀಪದಲ್ಲಿ ಸಿಕ್ಕಿಬಿದ್ದ ಆ್ಯನ್ ಎಂಬ ಹೆಣ್ಣು ಇದರ ನಾಯಕಿ. ಪರದೆಯ ಮೇಲೆ ಅಂಕಿಯಿಲ್ಲ, ಪಟ್ಟಿಯಿಲ್ಲ. ಉಳಿದಿರುವ ಜೀವ ಎಷ್ಟೆಂದು ತಿಳಿಯಲು ಅವಳ ಎದೆಯ ಮೇಲಿನ ಹೃದಯದ ಹಚ್ಚೆಯನ್ನು ಬಗ್ಗಿ ನೋಡಬೇಕು. ಡೈನೋಸಾರ್‌ಗಳಿಗೆ ಹಸಿವು, ಭಯ, ಸಿಟ್ಟು ಎಂಬ ಭಾವಗಳನ್ನೇ ಕೊಡುವ ಯೋಜನೆ ಇತ್ತು. ಆದರೆ ಭಾವಗಳು ಕ್ಷಣಕ್ಷಣಕ್ಕೂ ಬದಲಾಗಿ ಪ್ರಾಣಿಗಳು ಏನೂ ಮಾಡದೆ ತಡವರಿಸತೊಡಗಿದವು. ಬಿಡುಗಡೆಯ ಗಡುವು ಹತ್ತಿರವಾಗಿತ್ತು. ಕೊನೆಗೆ ಸಿಟ್ಟೊಂದನ್ನು ಏರಿಸಿ ಉಳಿದದ್ದನ್ನು ಬದಿಗಿಟ್ಟರು. ಕೈಯನ್ನು ಮೌಸ್‌ನಿಂದ ಆಡಿಸುವ ವ್ಯವಸ್ಥೆಯೂ ಎಡವಟ್ಟಾಗಿ, ಆಟ ಬಿದ್ದುಹೋಯಿತು. ಹಾಗಿದ್ದೂ, ಹೆದರಬಲ್ಲ ಡೈನೋಸಾರ್ ಬೇಕೆಂದು ಬಯಸಿದ ಆ ತಂಡದ ಮೇಲೆ ಗೌರವ ಮೂಡದೆ ಇರದು.

ಅದೇ ವರ್ಷ, ಸದ್ದುಗದ್ದಲವಿಲ್ಲದೆ, ಉಕ್ರೇನಿನ ಕೀವ್ ನಗರದ ಆ್ಯಕ್ಷನ್ ಫಾರ್ಮ್ಸ್ ಎಂಬ ತಂಡ ‘ಕಾರ್ನಿವೋರ್ಸ್’ ಮಾಡಿತು. ಅಗ್ಗದ ಆಟ. ಕಥೆ ನೆಪಮಾತ್ರಕ್ಕೆ: ಡೈನೋಸಾರ್‌ಗಳಿರುವ ಗ್ರಹವೊಂದಕ್ಕೆ ಪರವಾನಗಿ ಪಡೆದು ಬೇಟೆಗೆ ಹೋಗುವುದು. ಆದರೆ ಪರದೆಯ ಮೂಲೆಯಲ್ಲಿ ಗಾಳಿಯ ದಿಕ್ಕು ತೋರಿಸುವ ಗುರುತೊಂದಿದೆ, ಇಡೀ ಆಟದ ಜೀವ ಅಲ್ಲಿದೆ. ಗಾಳಿ ಆಟಗಾರನ ಬೆನ್ನಿನಿಂದ ಪ್ರಾಣಿಯ ಕಡೆ ಬೀಸಿದರೆ ಸಸ್ಯಾಹಾರಿ ಡೈನೋಸಾರ್ ವಾಸನೆ ಹಿಡಿದು ಓಡಿಹೋಗುತ್ತದೆ. ಮಾಂಸಾಹಾರಿಯಾದರೆ ಅದೇ ಬೆನ್ನಟ್ಟಿ ಬರುತ್ತದೆ. ಗುಂಡುಗಳು ಎಣಿಕೆಯವು. ಟಿ-ರೆಕ್ಸ್‌ಗೆ ಕಣ್ಣಿಗೆ ತಾಗಿದರೆ ಮಾತ್ರ ಸಾವು. ಕಾಲು ಗಂಟೆ ಸುಮ್ಮನೆ ಪೊದೆಗಳ ನಡುವೆ ಬಗ್ಗಿ ನಡೆದು, ದೂರದ ಕೂಗು ಕೇಳಿ, ಸುತ್ತು ಹಾಕಿ ಗಾಳಿಯೆದುರು ಬಂದು ಗುಡ್ಡದ ತುದಿಯಿಂದ ಇಣುಕಿದರೆ ಅಲ್ಲಿ ಏನೂ ಇಲ್ಲ. ಆ ಖಾಲಿ ಬಯಲನ್ನು ಆಟಗಾರನಿಗೆ ತೋರಿಸುವ ಧೈರ್ಯ ಎಷ್ಟು ಆಟಗಳಿಗಿದೆ?

ಇದೇ ಆಟದ ಕೊನೆ ಮಾತ್ರ ಕಸಿವಿಸಿ ಹುಟ್ಟಿಸುತ್ತದೆ. ಕೊಂದ ಪ್ರಾಣಿ ಸಾಲಂಕೃತವಾಗಿ ಕೋಣೆಯೊಂದರಲ್ಲಿ ನಿಲ್ಲುತ್ತದೆ. ಅರಿವಳಿಕೆ ಗುಂಡಿನ ಆಯ್ಕೆ ಇದೆ, ಅದು ಮೆಚ್ಚತಕ್ಕದ್ದು. ಆದರೂ ಆಟ ಮುಗಿಯುವುದು ಬೇಟೆಯ ಲೆಕ್ಕದಲ್ಲೇ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಲೋಕ ಹಿಂದೆ ಸರಿಯಿತು. 1956ರಲ್ಲೇ ಅಭಯಾರಣ್ಯವಾದ ದಾಂಡೇಲಿಯ ಕಾಡು ಇಂದು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಭಾಗ. ಕನ್ನಡದ ಓದುಗರಿಗೆ ಬೇಟೆ ಈಗ ಉಳಿದಿರುವುದು ಹೆಚ್ಚಾಗಿ ಪುಸ್ತಕದಲ್ಲಿ. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆ್ಯಂಡರ್ಸನ್ ಅನುಭವಗಳಲ್ಲಿ ಗುಂಡು ಹಾರುವ ಪುಟಗಳಿಗಿಂತ ಕೂತು ಕಾಯುವ ಪುಟಗಳೇ ಹೆಚ್ಚು ಹೊತ್ತು ಮನಸ್ಸಿನಲ್ಲಿ ನಿಲ್ಲುತ್ತವೆ.

ಇನ್ನೊಂದು ತಕರಾರು ಈ ಎಲ್ಲ ಆಟಗಳ ಮೇಲೂ ಇದೆ. ಇವುಗಳ ಡೈನೋಸಾರ್‌ಗಳು 1993ರ ‘ಜುರಾಸಿಕ್ ಪಾರ್ಕ್’ ಸಿನಿಮಾದ ಅಚ್ಚಿನಿಂದ ಹೊರಬರಲಾರದೆ ಹೋಗಿವೆ. ನಿಜವಾದ ವೆಲಾಸಿರ್‍ಯಾಪ್ಟರ್ ಟರ್ಕಿ ಕೋಳಿಯಷ್ಟೇ ದೊಡ್ಡದು; ಅದಕ್ಕೆ ಗರಿಗಳಿದ್ದವು ಎನ್ನಲು ಮುಂಗೈ ಮೂಳೆಯ ಮೇಲಿನ ಗುರುತುಗಳು 2007ರಲ್ಲಿ ಸಾಕ್ಷಿ ಒದಗಿಸಿದವು. ಆಟಗಳಲ್ಲಿ ಅದು ಮನುಷ್ಯನೆತ್ತರದ ಬೋಳು ಹಲ್ಲಿಯಾಗಿಯೇ ಓಡಾಡುತ್ತದೆ. ಮುಂಡಗೋಡದ ಅತ್ತಿವೇರಿ ಪಕ್ಷಿಧಾಮದ ಕೆರೆಯಂಚಿನಲ್ಲಿ ಹೆಜ್ಜೆಯಿಟ್ಟು, ಕತ್ತು ಮುಂದಕ್ಕೆ ಚಾಚಿ, ತಟ್ಟನೆ ನಿಂತು ನೋಡುವ ಕೆಂಬರಲು ಹಕ್ಕಿಯನ್ನು ಒಂದು ಗಳಿಗೆ ಗಮನಿಸಿದರೆ ಸಾಕು, ಆ ವಂಶದ ನಡಿಗೆ ಹೇಗಿದ್ದೀತೆಂದು ಊಹಿಸಬಹುದು. ದಾಂಡೇಲಿಯ ಮಂಗಟ್ಟೆ ಹಕ್ಕಿ ತಲೆಯ ಮೇಲೆ ಹಾರಿಹೋಗುವಾಗ ರೆಕ್ಕೆಯ ಸದ್ದು ಕಾಡನ್ನೇ ಸೀಳಿದಂತೆ ಕೇಳುತ್ತದೆ. ಹಕ್ಕಿಗಳು ಡೈನೋಸಾರ್ ಸಂತತಿ ಎಂಬ ಮಾತು ಪಾಠದ ಪುಸ್ತಕದಿಂದ ಎದ್ದು ನಿಲ್ಲುವುದು ಆಗ.

ಟ್ಯುರಾಕ್ ಬಂದ 1997ರಲ್ಲೇ ಬೆಂಗಳೂರಿನಲ್ಲಿ ರಾಜೇಶ್ ರಾವ್ ಧ್ರುವ ಇಂಟರಾಕ್ಟಿವ್ ಕಂಪನಿ ಕಟ್ಟಿದರು. ಹೊರದೇಶಗಳ ದೊಡ್ಡ ಗೇಮುಗಳಿಗೆ ಕನ್ನಡ ನಾಡಿನ ಕಲಾವಿದರ ಕೈಚಳಕ ಅಂದಿನಿಂದಲೂ ಹೋಗುತ್ತಿದೆ. ಹಳಿಯಾಳದಲ್ಲೇ ಇಂದು ಎಂಜಿನಿಯರಿಂಗ್ ಕಾಲೇಜಿದೆ. ಅಲ್ಲಿನ ಯಾರಾದರೂ ಈ ಕಾಡಿನ ಒಂದು ಪ್ರಾಣಿಯ ಕಥೆಯನ್ನು ಆಟವಾಗಿಸಲು ಹೊರಟರೆ ಮಾದರಿ ಕನ್ನಡದಲ್ಲೇ ಇದೆ. ತೇಜಸ್ವಿಯವರ ‘ಕರ್ವಾಲೊ’ 1980ರಷ್ಟು ಹಳೆಯದು. ವಿಕಾಸದ ಹಾದಿಯ ಅಪರೂಪದ ಹಾರುವ ಓತಿಯೊಂದನ್ನು ಹುಡುಕಿ ಒಂದು ಗುಂಪೇ ಕಾಡು ಸುತ್ತುತ್ತದೆ. ಕೊನೆಗೆ ಅದು ಎದುರಿಗೇ ಸಿಗುತ್ತದೆ, ಮತ್ತು ಎಲ್ಲರ ಕಣ್ಣೆದುರೇ ಕಣಿವೆಗೆ ಹಾರಿ ತಪ್ಪಿಸಿಕೊಳ್ಳುತ್ತದೆ.