ಕೆರೆ ಹಸುರಾಗುವ ಮುನ್ನ

ದೀಪಾವಳಿ ಕಳೆದು ಚಳಿ ಕಾಲೂರುವ ಹೊತ್ತಿಗೆ ಸೊರಬ, ಶಿಕಾರಿಪುರಗಳ ಸೀಮೆಯ ಕೆರೆಗಳು ನೋಡಲು ಬಲು ಚೆಲುವು. ಮಳೆಗಾಲದ ಕೆನ್ನೀರು ತಿಳಿಯಾಗಿ, ಏರಿಯ ಮೇಲಿನ ಮರಗಳು ಅದರಲ್ಲಿ ತಲೆಕೆಳಗಾಗಿ ನಿಂತಿರುತ್ತವೆ. ಆದರೆ ಶಿವರಾತ್ರಿ ದಾಟಿ ಬಿಸಿಲು ಬಲಿತ ಮೇಲೆ ಅದೇ ಏರಿಯ ಮೇಲೆ ನಿಂತವರಿಗೆ ಒಮ್ಮೊಮ್ಮೆ ಬೇರೆಯೇ ನೋಟ ಕಾಣುತ್ತದೆ. ಯಾರೋ ಹಸುರು ಬಣ್ಣದ ಡಬ್ಬಿಯನ್ನು ನೀರಿನ ಮೇಲೆ ಮಗುಚಿದಂತೆ ದಪ್ಪನೆಯ ಕೆನೆ; ಗಾಳಿ ಒತ್ತಿದ ದಡದಲ್ಲಿ ಮೂಗು ಮುಚ್ಚಿಕೊಳ್ಳುವಂಥ ನಾತ; ಬೆಳಗಿನ ಜಾವದಲ್ಲಿ ಹೊಟ್ಟೆ ಮೇಲಾಗಿ ತೇಲುವ ಮೀನು. “ನೀರು ಕೆಟ್ಟಿದೆ” ಎಂದು ಊರವರು ಎಮ್ಮೆ ದನಗಳನ್ನು ಬೇರೆ ಕಡೆಗೆ ಹೊಡೆದುಕೊಂಡು ಹೋಗುತ್ತಾರೆ. ಏಕೆ ಕೆಟ್ಟಿತು, ಎಂದಿನಿಂದ ಕೆಟ್ಟಿತು, ಬರುವ ವರ್ಷವೂ ಕೆಡುವುದೇ ಎಂಬ ಪ್ರಶ್ನೆಗಳು ಏರಿಯ ಮೇಲೆಯೇ ಉಳಿದುಹೋಗುತ್ತವೆ.

ಈ ಮೂರನೆಯ ಪ್ರಶ್ನೆಗೆ ಉತ್ತರ ಹೇಳುವುದನ್ನೇ ಇಂದು ಜಗತ್ತಿನ ಹಲವು ವಿಶ್ವವಿದ್ಯಾನಿಲಯಗಳಲ್ಲಿ ತರುಣ ವಿಜ್ಞಾನಿಗಳು ತಮ್ಮ ಕೆಲಸವನ್ನಾಗಿ ಮಾಡಿಕೊಂಡಿದ್ದಾರೆ. ಡಾಕ್ಟರೇಟ್ ಪದವಿ ಪಡೆದ ಮೇಲೆ ಎರಡು ಮೂರು ವರ್ಷಗಳ ಮಟ್ಟಿಗೆ ದೊರೆಯುವ ಸಂಶೋಧನ ವೇತನದ ಮೇಲೆ, ಕೆರೆಯಲ್ಲಿ ವಿಷದ ಪಾಚಿ ಯಾವಾಗ ಉಕ್ಕುವುದೆಂದು ಮುಂಚಿತವಾಗಿ ಲೆಕ್ಕಹಾಕುವ ವಿದ್ಯೆ ಇದು. ಮಳೆಯ ಮುನ್ಸೂಚನೆಯಂತೆ ಕೆರೆಯದೂ ಒಂದು ಮುನ್ಸೂಚನೆ.

ನೆಂಟನೇ ಹಗೆಯಾದಾಗ

ಈ ಹಸುರಿನ ಒಡೆಯ ನಿಜವಾದ ಪಾಚಿಯೇ ಅಲ್ಲ. ಹಳೆಯ ಪುಸ್ತಕಗಳು ನೀಲಿ-ಹಸುರು ಪಾಚಿ ಎಂದು ಕರೆದ ಇದು ಬ್ಯಾಕ್ಟೀರಿಯಗಳ ಕುಲಕ್ಕೆ ಸೇರಿದುದು. ಇಂದಿನ ಹೆಸರು ಸಯನೋಬ್ಯಾಕ್ಟೀರಿಯ. ಭೂಮಿಯ ಗಾಳಿಗೆ ಮೊದಲು ಆಮ್ಲಜನಕವನ್ನು ತುಂಬಿದ ಪುಣ್ಯ ಇದರ ವಂಶದ್ದು. ಬತ್ತದ ಗದ್ದೆಗೂ ಇದು ಬೇಕಾದ ನೆಂಟ. ಗದ್ದೆಯ ನಿಂತ ನೀರಿನಲ್ಲಿ ಈ ಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಪೈರಿಗೆ ಉಣಿಸುತ್ತವೆಂಬುದನ್ನು ಪಿ. ಕೆ. ಡೇ ಎಂಬ ಭಾರತೀಯ ವಿಜ್ಞಾನಿ 1939ರಲ್ಲಿಯೇ ತೋರಿಸಿಕೊಟ್ಟರು. ಹೀಗೆ ಏರಿಯ ಕೆಳಗಣ ಗದ್ದೆಯಲ್ಲಿ ಉಪಕಾರಿಯಾದದ್ದೇ ಏರಿಯ ಮೇಲಣ ನೀರಿನಲ್ಲಿ ಅಪಕಾರಿಯಾಗಬಲ್ಲದು.

ಕೆರೆಯಲ್ಲಿ ಹೆಚ್ಚಾಗಿ ಉಪದ್ರವ ಕೊಡುವ ಜಾತಿ ಮೈಕ್ರೋಸಿಸ್ಟಿಸ್. ಇದರ ಕಣಗಳೊಳಗೆ ಗಾಳಿ ತುಂಬಿದ ಸೂಕ್ಷ್ಮ ಕೋಶಗಳಿವೆ. ಅವುಗಳ ಬಲದಿಂದ ಅದು ಬೆಳಕಿಗಾಗಿ ಮೇಲಕ್ಕೇರುತ್ತದೆ. ಗಾಳಿಯಿಲ್ಲದ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಕೆನೆಗಟ್ಟುವುದು ಈ ಕಾರಣದಿಂದ. ಹಗಲಲ್ಲಿ ಆಮ್ಲಜನಕವನ್ನು ಕೊಡುವ ಈ ರಾಶಿ ಇರುಳಲ್ಲಿ ಅದನ್ನೇ ಉಸಿರಾಡಿ ಮುಗಿಸುತ್ತದೆ. ಮೀನು ಸಾಯುವುದು ಬೆಳಗಿನ ಜಾವದಲ್ಲಿ ಎಂಬುದರ ಗುಟ್ಟು ಅಲ್ಲಿದೆ. ಇಷ್ಟಕ್ಕೆ ಮುಗಿಯುವುದಿಲ್ಲ. ಇದರ ಕೆಲವು ತಳಿಗಳು ಮೈಕ್ರೋಸಿಸ್ಟಿನ್ ಎಂಬ, ಪಿತ್ತಜನಕಾಂಗವನ್ನು ಕೆಡಿಸುವ ವಿಷವನ್ನು ತಯಾರಿಸುತ್ತವೆ. ಕುಡಿಯುವ ನೀರಿನಲ್ಲಿ ಈ ವಿಷ ಒಂದು ಲೀಟರಿಗೆ 1 ಮೈಕ್ರೋಗ್ರಾಮನ್ನು, ಅಂದರೆ ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಪಾಲನ್ನು, ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 1998ರಲ್ಲಿ ಮಿತಿ ಹಾಕಿತು.

ಈ ಎಚ್ಚರಿಕೆ ಬರಿಯ ಪುಸ್ತಕದ ಭಯದಿಂದ ಹುಟ್ಟಿದುದಲ್ಲ. 1878ರಲ್ಲಿ ಜಾರ್ಜ್ ಫ್ರಾನ್ಸಿಸ್ ಎಂಬಾತ ದಕ್ಷಿಣ ಆಸ್ಟ್ರೇಲಿಯದ ಅಲೆಕ್ಸಾಂಡ್ರಿನಾ ಸರೋವರದ ಹಸುರು ಕೆನೆಯನ್ನು ಕುಡಿದ ಕುರಿ ಕುದುರೆಗಳು ಸತ್ತುದನ್ನು ‘ನೇಚರ್’ ಪತ್ರಿಕೆಯಲ್ಲಿ ವರದಿ ಮಾಡಿದ. 1996ರಲ್ಲಿ ಬ್ರೆಜಿಲ್ ದೇಶದ ಕರುವಾರು ಎಂಬ ಊರಿನ ಆಸ್ಪತ್ರೆಯೊಂದರಲ್ಲಿ ಮೂತ್ರಪಿಂಡದ ರೋಗಿಗಳ ರಕ್ತಶುದ್ಧಿಗೆ ಇಂಥ ನೀರು ಬಳಕೆಯಾಗಿ 50ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. 2014ರ ಆಗಸ್ಟಿನಲ್ಲಿ ಅಮೆರಿಕದ ಟೊಲೆಡೊ ನಗರದ ಸುಮಾರು 4 ಲಕ್ಷ ಜನರಿಗೆ ನಲ್ಲಿಯ ನೀರನ್ನು ಕುಡಿಯಕೂಡದೆಂದು ಆಜ್ಞೆಯಾಯಿತು. ಈರಿ ಸರೋವರದ ದಡದಲ್ಲಿದ್ದ ಪಟ್ಟಣ ಅಂಗಡಿಯ ಬಾಟಲಿ ನೀರಿಗಾಗಿ ಸಾಲು ನಿಂತಿತು.

ಚೀಲದಲ್ಲಿ ಬಂದುದು, ಹೂಳಿನಲ್ಲಿ ಉಳಿದುದು

ಪಾಚಿ ಉಕ್ಕಲು ಮುಖ್ಯ ಕಾರಣ ಯಾವುದೆಂಬ ವಾದ ಬಹುಕಾಲ ನಡೆಯಿತು. 1973ರಲ್ಲಿ ಕೆನಡ ದೇಶದಲ್ಲಿ ಡೇವಿಡ್ ಶಿಂಡ್ಲರ್ ಎಂಬ ವಿಜ್ಞಾನಿ ಬಹು ಸರಳವಾದ ಪರೀಕ್ಷೆಯೊಂದನ್ನು ಮಾಡಿಸಿದರು. ಒಂದು ಸರೋವರದ ನಡುವೆ ಪರದೆ ಎಳೆದು ಎರಡು ಭಾಗ ಮಾಡಿ, ಎರಡಕ್ಕೂ ಇಂಗಾಲ ಮತ್ತು ಸಾರಜನಕಗಳನ್ನು ಹಾಕಿದರು. ಒಂದಕ್ಕೆ ಮಾತ್ರ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಭಾಗ ಹಸುರಾಯಿತು, ಇನ್ನೊಂದು ತಿಳಿಯಾಗಿಯೇ ಉಳಿಯಿತು. ಆಕಾಶದಿಂದ ತೆಗೆದ ಆ ಚಿತ್ರವೊಂದು ನೂರು ವ್ಯಾಖ್ಯಾನಗಳಿಗೆ ಸಮನಾಯಿತು. ಸಾರಜನಕಕ್ಕೂ ಇದರಲ್ಲಿ ಪಾಲುಂಟೆಂದು ಮುಂದಿನ ಸಂಶೋಧನೆಗಳು ತಿಳಿಸಿದರೂ ರಂಜಕದ ಮೇಲಿನ ಆರೋಪ ಅಳಿಯಲಿಲ್ಲ.

ಶಿಕಾರಿಪುರದ ಮೆಕ್ಕೆಜೋಳದ ಹೊಲಕ್ಕೂ ಸೊರಬದ ಶುಂಠಿಯ ಪಾತಿಗೂ ಇಂದು ರಂಜಕ ಬರುವುದು ಡಿ.ಎ.ಪಿ. ಚೀಲದಲ್ಲಿ. ಜೂನ್ ತಿಂಗಳ ಮೊದಲ ಬಿರುಮಳೆಗೆ ಮೇಲ್ಮಣ್ಣಿನೊಡನೆ ಅದರ ಒಂದು ಪಾಲು ಹಳ್ಳ ಹಿಡಿದು ಕೆರೆಗಿಳಿಯುತ್ತದೆ. ಊರಿನ ಬಚ್ಚಲು, ಕೊಟ್ಟಿಗೆಗಳ ನೀರೂ ಅದಕ್ಕೆ ಸೇರುತ್ತದೆ. ಈ ಸೀಮೆಯ ಕೆಂಪುಮಣ್ಣಿನಲ್ಲಿ ಕಬ್ಬಿಣದ ಅಂಶ ಹೆಚ್ಚು. ಕಬ್ಬಿಣ ರಂಜಕವನ್ನು ಬಿಗಿಯಾಗಿ ಹಿಡಿದುಕೊಂಡು ಹೂಳಿನಲ್ಲಿ ಕುಳಿತುಬಿಡುತ್ತದೆ. ಬೇಸಗೆಯಲ್ಲಿ ತಳದ ನೀರಿನ ಆಮ್ಲಜನಕ ತೀರಿತೆಂದರೆ ಆ ಹಿಡಿತ ಸಡಿಲವಾಗಿ ರಂಜಕ ಮತ್ತೆ ಮೇಲಕ್ಕೆ ಬರುತ್ತದೆ. ಆದಕಾರಣ ಇಂದು ಗೊಬ್ಬರವನ್ನು ಹಿಡಿತದಲ್ಲಿಟ್ಟರೂ ಹತ್ತು ವರ್ಷಗಳ ಹಿಂದಿನ ಸಾಲವನ್ನು ಕೆರೆ ತೀರಿಸುತ್ತಲೇ ಇರಬೇಕಾಗುತ್ತದೆ.

ಹಿಂದಿನವರಿಗೆ ರಂಜಕದ ಹೆಸರು ತಿಳಿದಿರಲಿಲ್ಲ. ಆದರೆ ಹೂಳಿನ ಬೆಲೆ ತಿಳಿದಿತ್ತು. ಕನ್ನಡ ನಾಡಿನ ಶಾಸನಗಳಲ್ಲಿ ಕೆರೆ ಕಟ್ಟಿದವರಿಗೆ ಕಟ್ಟುಕೊಡಗೆ, ಕೆರೆಯ ಜೀರ್ಣೋದ್ಧಾರಕ್ಕೆ ಬಿತ್ತುವಟ್ಟ, ಹೂಳು ಹೊರುವ ಬಂಡಿಗೆ ದತ್ತಿ—ಇವೆಲ್ಲ ದೊರೆಯುತ್ತವೆ. ತೆಗೆದ ಹೂಳು ಗದ್ದೆಗೆ ಸೇರಿದರೆ ಗದ್ದೆಯಿಂದ ಹರಿದುಬಂದ ಸಾರ ಮರಳಿ ಗದ್ದೆಗೇ ಹೋದಂತಾಗುತ್ತಿತ್ತು. ಇಂದು ಗೊಬ್ಬರ ಚೀಲದಲ್ಲಿ ಬರುತ್ತದೆ, ಹೂಳು ಕೆರೆಯಲ್ಲಿಯೇ ಉಳಿಯುತ್ತದೆ. ಚಕ್ರದ ಅರ್ಧ ತುಂಡಾಗಿದೆ.

ಮುನ್ಸೂಚನೆಯ ಕಷ್ಟ

ಇನ್ನು ಲೆಕ್ಕದ ಮಾತು. ಈರಿ ಸರೋವರದ ಪಶ್ಚಿಮ ಭಾಗಕ್ಕೆ ಪ್ರತಿವರ್ಷವೂ ಬೇಸಗೆಯ ಆರಂಭದಲ್ಲಿ ಪಾಚಿಯ ಮುನ್ಸೂಚನೆಯನ್ನು ಪ್ರಕಟಿಸುತ್ತಾರೆ. ಮಾಮಿ ಎಂಬ ನದಿ ಮಾರ್ಚಿಯಿಂದ ಜುಲೈವರೆಗೆ ಎಷ್ಟು ರಂಜಕವನ್ನು ಹೊತ್ತು ತರುತ್ತದೆಂಬುದೇ ಅದರ ಮುಖ್ಯ ಆಧಾರ. ಅದು ಸಾಧ್ಯವಾದುದು ಹೇಗೆ? ಆ ನದಿಯ ನೀರನ್ನು ಅಲ್ಲಿಯ ಸಣ್ಣ ವಿಶ್ವವಿದ್ಯಾನಿಲಯವೊಂದು 1970ರ ದಶಕದ ನಡುವಿನಿಂದಲೂ ಎಡೆಬಿಡದೆ ಅಳೆಯುತ್ತ ಬಂದಿದೆ. ಕಂಪ್ಯೂಟರಿನ ಜಾಣ್ಮೆಗಿಂತ ಮೊದಲು ಅಳೆಯುವವನ ತಾಳ್ಮೆ ಅಲ್ಲಿ ಕೆಲಸ ಮಾಡಿದೆ.

ಸೊರಬದ ಕೆರೆಗೆ ಇದೇ ಲೆಕ್ಕವನ್ನು ಹಾಗೆಯೇ ತಂದು ಹಚ್ಚುವಂತಿಲ್ಲ. ಇಲ್ಲಿ ಒಂದು ಮಹಾಸರೋವರಕ್ಕೆ ಬದಲಾಗಿ ನೂರಾರು ಸಣ್ಣ ಕೆರೆಗಳು. ಒಂದೊಂದರ ಆಳ ಬೇರೆ, ತೂಬು ಬೇರೆ, ಮೇಲಣ ಬೆಳೆ ಬೇರೆ. ಗುಡವಿಯ ಪಕ್ಷಿಧಾಮದಂಥ ಕೆರೆಯಲ್ಲಿ ಗೂಡುಕಟ್ಟುವ ಹಕ್ಕಿಗಳ ಹಿಕ್ಕೆಯೂ ನೀರಿಗೆ ಗೊಬ್ಬರವೇ. ಮುಗಿಲ ಮೇಲಿಂದ ನೋಡೋಣವೆಂದರೆ ಅಲ್ಲಿಯೂ ಒಂದು ತೊಡಕು. ಯೂರೋಪಿನ ಸೆಂಟಿನೆಲ್-3 ಉಪಗ್ರಹಗಳು ನೀಲಿ-ಹಸುರು ಪಾಚಿಯ ವಿಶಿಷ್ಟ ಬಣ್ಣವನ್ನು ಗುರುತಿಸಬಲ್ಲವು. ಆದರೆ ಅವುಗಳ ಕಣ್ಣಿಗೆ 300 ಮೀಟರಿಗಿಂತ ಕಿರಿದಾದುದು ಬಿಡಿಯಾಗಿ ತೋರದು, ಹಳ್ಳಿಯ ಕೆರೆ ಅಲ್ಲಿ ಒಂದೆರಡು ಚುಕ್ಕೆ ಮಾತ್ರ. ಸೆಂಟಿನೆಲ್-2 ಉಪಗ್ರಹಗಳು 10ರಿಂದ 20 ಮೀಟರಿನಷ್ಟು ಸಣ್ಣದನ್ನೂ ಕಾಣಬಲ್ಲವು. ಆದರೆ ಆ ವಿಶಿಷ್ಟ ಬಣ್ಣವನ್ನು ಪ್ರತ್ಯೇಕಿಸುವ ಗಾಜು ಅವುಗಳಿಗಿಲ್ಲ. ಮಳೆಗಾಲದಲ್ಲಂತೂ ಎರಡಕ್ಕೂ ಮೋಡವೇ ಕಾಣುತ್ತದೆ.

ಹಾಗಾದರೆ ಉಪಾಯವಿಲ್ಲವೆ? ಈ ಸೀಮೆಯ ಕೆರೆಗಳ ರಚನೆಯಲ್ಲಿಯೇ ಒಂದು ಅನುಕೂಲವಿದೆ. ಮೇಲಣ ಕೆರೆಯ ಕೋಡಿ ಬಿದ್ದ ನೀರು ಕೆಳಗಣ ಕೆರೆಗೆ, ಅಲ್ಲಿಂದ ಮತ್ತೊಂದಕ್ಕೆ ಸರಪಳಿಯಾಗಿ ಹರಿದು ಕೊನೆಗೆ ದಂಡಾವತಿಯನ್ನೋ ಕುಮುದ್ವತಿಯನ್ನೋ ಸೇರುತ್ತದೆ. ಮೇಲಣ ಕೆರೆ ತನ್ನ ಕೆಳಗಿನದಕ್ಕೆ ನೀರನ್ನು ಮಾತ್ರವಲ್ಲ, ಸುದ್ದಿಯನ್ನೂ ಕಳುಹಿಸುತ್ತಿರುತ್ತದೆ, ಓದುವವರಿರಬೇಕು. ಮಳೆಯ ಪ್ರಮಾಣ, ಕೋಡಿ ಎಷ್ಟು ದಿನ ಹರಿಯಿತು, ನೀರಿನ ಶಾಖ, ತಳದ ಆಮ್ಲಜನಕ, ನೀರು ಎಷ್ಟು ಆಳದವರೆಗೆ ತಿಳಿ—ಇಷ್ಟನ್ನು ವಾರಕ್ಕೊಮ್ಮೆ ಬರೆದಿಟ್ಟರೆ ಮುನ್ಸೂಚನೆಯ ತಳಪಾಯ ಸಿದ್ಧ. ಕೋಡಿ ಚೆನ್ನಾಗಿ ಹರಿದು ಕೆರೆ ತೊಳೆದುಹೋದ ವರ್ಷವೂ, ಮೊದಲ ಮಳೆಯ ಸಾರವೆಲ್ಲ ಒಳಗೆ ಬಂದು ಕೋಡಿಯೇ ಬೀಳದ ವರ್ಷವೂ ಕೆರೆಯ ಪಾಲಿಗೆ ಒಂದೇ ಅಲ್ಲ.

ತೊಡಕಿರುವುದು ಕಾಲದ ಅಳತೆಯಲ್ಲಿ. ಸಂಶೋಧಕಿಯೊಬ್ಬಳು ಇಂಥ ಕೆರೆಗೆ ಬಂದಳೆಂದು ಭಾವಿಸಿದರೆ, ಅವಳ ವೇತನ ಎರಡು ವರ್ಷ. ಅವಳಿಗೆ ದೊರೆಯುವುದು ಎರಡು ಮಳೆಗಾಲ, ಎರಡು ಬೇಸಗೆ. ಅವೆರಡೂ ಒಳ್ಳೆಯ ಮಳೆಯ ವರ್ಷಗಳಾದರೆ ಬರದ ವರ್ಷದ ಕೆರೆಯನ್ನು ಅವಳು ನೋಡಲೇ ಇಲ್ಲ. ಲೇಖನ ಪ್ರಕಟವಾಗುತ್ತದೆ, ಅವಳು ಮುಂದಿನ ಕೆಲಸವನ್ನರಸಿ ದೂರದ ಊರಿಗೆ ತೆರಳುತ್ತಾಳೆ, ಟಿಪ್ಪಣಿಯ ಪುಸ್ತಕ ಅವಳೊಡನೆ ಹೋಗುತ್ತದೆ. ಕೆರೆ ಮಾತ್ರ ತನ್ನ ಹೂಳಿನ ಸಾಲದೊಡನೆ ಅಲ್ಲಿಯೇ ಇರುತ್ತದೆ. ಹಿಂದೆ ನೀರಿನ ಮಟ್ಟವನ್ನು ನೋಡಿ ತೂಬೆತ್ತುತ್ತಿದ್ದ ನೀರಗಂಟಿಯ ಕೆಲಸ ವರ್ಷಗಳ ಲೆಕ್ಕದ್ದಲ್ಲ, ತಲೆಮಾರುಗಳದು. ಆ ನಿರಂತರತೆಗೆ ಈ ವಿದ್ಯೆ ಕೂಡಿದಲ್ಲದೆ ಮುನ್ಸೂಚನೆ ಹುಟ್ಟದು. ಏರಿಯ ಪಕ್ಕದ ಪ್ರೌಢಶಾಲೆಯ ಮಕ್ಕಳ ಕೈಗೆ ಒಂದು ಉಷ್ಣಮಾಪಕ, ಹಗ್ಗಕ್ಕೆ ಕಟ್ಟಿದ ಒಂದು ಕಪ್ಪು-ಬಿಳಿ ತಟ್ಟೆ, ಒಂದು ದಪ್ಪನೆಯ ನೋಟುಪುಸ್ತಕ ಕೊಟ್ಟರೂ ಆರಂಭಕ್ಕೆ ಸಾಕು.

ಮನೆಯವರು ತಿಳಿದಿರಬೇಕಾದುದು

ನೀರಿನ ಮೇಲಿನ ಹಸುರೆಲ್ಲ ವಿಷವಲ್ಲ. ಕೋಲಿನಿಂದ ಎತ್ತಿದಾಗ ನೂಲಿನಂತೆ ಜೋತುಬೀಳುವ ಹಾವಸೆ ಬೇರೆ. ಬಣ್ಣದಂತೆ ಕೋಲಿಗೆ ಬಳಿದುಕೊಳ್ಳುವುದು ಸಂಶಯಾಸ್ಪದ. ಕೈಗೆ ತಾಗದಂತೆ ಗಾಜಿನ ಶೀಷೆಯಲ್ಲಿ ನೀರು ತುಂಬಿ ಅಲುಗಿಸದೆ ಒಂದು ರಾತ್ರಿ ಇಟ್ಟರೆ, ಹಸುರು ತಳಕ್ಕಿಳಿಯದೆ ಮೇಲಕ್ಕೇರಿ ಉಂಗುರಗಟ್ಟಿದ ಪಕ್ಷದಲ್ಲಿ ಎಚ್ಚರ ವಹಿಸಬೇಕು. ಇದು ಅನುಮಾನಕ್ಕೆ ಮಾತ್ರ ಆಧಾರ, ನಿರ್ಣಯ ಪ್ರಯೋಗಶಾಲೆಯದು. ಅಂಥ ನೀರನ್ನು ಕುದಿಸಿದರೆ ವಿಷ ಹೋಗದು. ಕಣಗಳು ಒಡೆದು ಒಳಗಿನ ವಿಷ ನೀರಿಗೇ ಇಳಿಯುತ್ತದೆ. ಮಕ್ಕಳನ್ನೂ ದನಕರುಗಳನ್ನೂ ದೂರವಿರಿಸುವುದೊಂದೇ ಕ್ಷೇಮ.

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಮುಂದೆ ಒಂದು ಕಲ್ಲಿನ ಕಂಬವಿದೆ. ಕುಬ್ಜನೆಂಬ ಕವಿ ರಚಿಸಿದ ಅದರ ಶಾಸನದಲ್ಲಿ ಕದಂಬರ ವಂಶಚರಿತ್ರೆಯೊಡನೆ, ಕಾಕುಸ್ಥವರ್ಮನು ಅಲ್ಲಿ ಕೆರೆಯೊಂದನ್ನು ಕಟ್ಟಿಸಿದ ಸಂಗತಿಯೂ ಇದೆ. ಸುಮಾರು 1500 ವರ್ಷಗಳ ಹಿಂದೆ ಒಂದು ಕೆರೆಯ ಹುಟ್ಟು ಕಲ್ಲಿನಲ್ಲಿ ಬರೆದಿಡತಕ್ಕ ವಿಷಯವಾಗಿತ್ತು. ಕೆರೆಯ ಆರೋಗ್ಯವನ್ನು ವಾರಕ್ಕೊಮ್ಮೆ ಕಾಗದದಲ್ಲಿ ಬರೆದಿಡುವುದು ಅದಕ್ಕಿಂತ ಕಷ್ಟದ ಕೆಲಸವೇನೂ ಅಲ್ಲ.