ಹತ್ತರ ಮಗ್ಗಿಯ ಮರೆವು

ಶಿಕ್ಷಕರ ತರಬೇತಿಗಳಲ್ಲಿ ಒಂದು ಪಟ್ಟಿ ಪದೇ ಪದೇ ತೆರೆಯ ಮೇಲೆ ಬರುತ್ತದೆ. ಓದಿದ್ದರಲ್ಲಿ ನೆನಪುಳಿಯುವುದು ಶೇ 10, ಕೇಳಿದ್ದರಲ್ಲಿ ಶೇ 20, ನೋಡಿದ್ದರಲ್ಲಿ ಶೇ 30. ಹೀಗೇ ಏರುತ್ತಾ ಹೋಗಿ, ಸ್ವತಃ ಮಾಡಿದ್ದರಲ್ಲಿ ಶೇ 90. ಕೆಳಗೆ ಎಡ್ಗರ್ ಡೇಲ್ ಹೆಸರು. ಯಾರೂ ಕೈಯೆತ್ತುವುದಿಲ್ಲ. ಏನನ್ನು ಓದಿದ್ದು, ಲೆಕ್ಕದ ಸೂತ್ರವನ್ನೋ ಮದುವೆ ಕರೆಯೋಲೆಯನ್ನೋ? ನೆನಪು ಯಾವಾಗಿನದು, ಊಟದ ಬಿಡುವಾದ ಮೇಲಿನದೋ ಮುಂದಿನ ವರ್ಷದ್ದೋ? ಪುಸ್ತಕ ಹಿಡಿದು ಜೋರಾಗಿ ಓದುವ ಹುಡುಗಿಯನ್ನು ಯಾವ ಸಾಲಿಗೆ ಸೇರಿಸೋಣ? ಮನುಷ್ಯನ ಮರೆವು ಹತ್ತರ ಮಗ್ಗಿಯಲ್ಲೇ ನಡೆಯುತ್ತದೆಂದು ನಂಬಲು ಬಹಳ ಶ್ರದ್ಧೆ ಬೇಕು.

ಡೇಲ್ ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. ನಮ್ಮ ಬಿ.ಇಡಿ. ವಿದ್ಯಾರ್ಥಿಗಳು ಬರೆದು ಬರೆದು ಸವೆಸಿದ 'ಅನುಭವ ಶಂಕು' 1946ರ ಅವರ ಪುಸ್ತಕದ್ದು. ಬುಡದಲ್ಲಿ ನೇರ ಅನುಭವ, ತುದಿಯಲ್ಲಿ ಮಾತು. ಅದರಲ್ಲಿ ಒಂದೇ ಒಂದು ಅಂಕಿಯೂ ಇರಲಿಲ್ಲ. ಚಿತ್ರವನ್ನು ಅಕ್ಷರಶಃ ನಂಬಬೇಡಿ ಎಂದೂ ಅವರು ಎಚ್ಚರಿಸಿದ್ದರು. ಅಂಕಿಗಳನ್ನು 1967ರಲ್ಲಿ ತೈಲ ಕಂಪನಿಯೊಂದರ ಉದ್ಯೋಗಿ ತಮ್ಮ ಲೇಖನದಲ್ಲಿ, ಆಧಾರ ಹೇಳದೆ ಅಚ್ಚು ಹಾಕಿಸಿದರು. ಆಮೇಲೆ ಯಾರೋ ಅವನ್ನು ತಂದು ಶಂಕುವಿಗೆ ಅಂಟಿಸಿದರು. ಇದೇ ಜಾತಿಯ 'ಕಲಿಕಾ ಪಿರಮಿಡ್'ಗೆ ಹೆಸರು ಕೊಟ್ಟ ಅಮೆರಿಕದ ಎನ್‌ಟಿಎಲ್ ಸಂಸ್ಥೆಯನ್ನು ಕೇಳಿದರೆ, ಮೂಲ ಸಂಶೋಧನೆ ಈಗ ತನ್ನ ಬಳಿ ಇಲ್ಲ ಎನ್ನುತ್ತದೆ.

ಇಂಥದ್ದು ಸಲೀಸಾಗಿ ಒಳಗೆ ಬರುವುದಕ್ಕೆ ನಮ್ಮ ತರಬೇತಿ ಕನ್ನಡವೂ ದಾರಿ ಮಾಡಿಕೊಟ್ಟಿದೆ. 'ಸುಗಮಕಾರರು ಕಲಿಕಾರ್ಥಿಗಳ ಸಾಮರ್ಥ್ಯಾಧಾರಿತ ಕಲಿಕಾ ಪ್ರಕ್ರಿಯೆಯನ್ನು ಅನುಕೂಲಿಸುವುದು' ಎಂಬಂಥ ವಾಕ್ಯಗಳನ್ನು ದಿನವಿಡೀ ಕೇಳಿದ ಕಿವಿಗೆ, 'ಹಾಗೆಂದರೇನು ಸಾರ್?' ಎನ್ನುವ ಅಭ್ಯಾಸವೇ ತಪ್ಪಿಹೋಗಿರುತ್ತದೆ. ಮೇಷ್ಟ್ರು ಪಾಠ ಮಾಡಬೇಕು ಎಂದಿದ್ದರೆ, ಯಾವ ಪಾಠ, ಹೇಗೆ ಎಂದಾದರೂ ಯಾರೋ ಒಬ್ಬರು ಕೇಳುತ್ತಿದ್ದರು.

ತಮಾಷೆಯೆಂದರೆ, ಬರಹ ಓದುಗನಿಗೆ ಎಟಕುತ್ತದೋ ಇಲ್ಲವೋ ಎಂದು ಅಳೆಯಲು ಹೊರಟವರಲ್ಲಿ ಡೇಲ್ ಕೂಡ ಒಬ್ಬರು. 1948ರಲ್ಲಿ ಜೀನ್ ಚಾಲ್ ಜೊತೆ ಸೇರಿ ಅವರು ಒಂದು ಸೂತ್ರ ಕೊಟ್ಟರು: ವಾಕ್ಯ ಎಷ್ಟುದ್ದವಿದೆ, ನಾಲ್ಕನೇ ತರಗತಿಯ ಮಕ್ಕಳಿಗೆ ಗೊತ್ತಿರುವ ಸುಮಾರು 3,000 ಪದಗಳ ಪಟ್ಟಿಯಿಂದ ಆಚೆಯ ಪದಗಳು ಎಷ್ಟಿವೆ ಎಂದು ಎಣಿಸುವುದು. ಇಂಗ್ಲಿಷಿನ ಸೂತ್ರ ಅದು, ಪ್ರತ್ಯಯ ಹೊತ್ತ ಕನ್ನಡಕ್ಕೆ ಹಾಗೇ ಒಗ್ಗದು. ಆದರೂ ಓದನ್ನು ಇಷ್ಟು ಗಂಭೀರವಾಗಿ ಕಂಡವರ ಹೆಸರಿನಲ್ಲೇ ಓದಿಗೆ ಶೇ 10 ಕೊಟ್ಟು ಕೂರಿಸಿದ್ದೇವೆ.

ಮಾಡಿ ಕಲಿಯುವುದಕ್ಕೆ ನನ್ನ ತಕರಾರಿಲ್ಲ. ಬೀಜ ಹಾಕಿ ಮೊಳಕೆ ಕಂಡ ಮಗುವಿಗೆ ಆ ಪಾಠ ಬೇಗ ಹತ್ತುತ್ತದೆ. ಬಹಮನಿ ಸುಲ್ತಾನರನ್ನು ಮಾಡಿ ಕಲಿಯುವುದು ಹೇಗೆ? ಸರ್ಕಾರಿ ಶಾಲೆಯ ಎಷ್ಟೋ ಮಕ್ಕಳ ಮನೆಯಲ್ಲಿ ಪಠ್ಯಪುಸ್ತಕ ಬಿಟ್ಟರೆ ಬೇರೆ ಪುಸ್ತಕವಿಲ್ಲ. ಓದೇ ಎಲ್ಲಕ್ಕಿಂತ ದುರ್ಬಲ ಸಾಧನವೆಂದು ಮೇಷ್ಟ್ರಿಗೆ ಹೇಳಿಕೊಟ್ಟು ಕಳಿಸಿದ ಮೇಲೆ, ವೇಳಾಪಟ್ಟಿಯಲ್ಲಿ ಗ್ರಂಥಾಲಯದ ಪೀರಿಯಡ್‌ಗೆ ಮೊದಲು ಕತ್ತರಿ ಬಿದ್ದರೆ ಅವರನ್ನು ದೂರುವಂತಿಲ್ಲ.