ರೈಲು ಬಂತು, ಇನ್ನು ಕಾರ್ಖಾನೆ ಗೇಟಿನ ತನಕ ಬಸ್ಸು ಬೇಕು

2025ರ ಮೇ 15ರಂದು ಕುಷ್ಟಗಿಯಿಂದ ಹುಬ್ಬಳ್ಳಿಗೆ ಪ್ರಯಾಣಿಕರ ರೈಲು ಶುರುವಾಯಿತು. ರೈಲ್ವೆ ರಾಜ್ಯ ಸಚಿವ ವಿ. ಸೋಮಣ್ಣ ಹಸಿರು ನಿಶಾನೆ ತೋರಿದರು. ಈ ರೈಲು ಓಡುವ ಗದಗ–ವಾಡಿ ಮಾರ್ಗಕ್ಕೆ ಮಂಜೂರಾತಿ ಸಿಕ್ಕಿದ್ದು 2013–14ರಲ್ಲಿ. ಹಳಿ ತಳಕಲ್‌ನಿಂದ ಕುಕನೂರು, ಯಲಬುರ್ಗಾ ದಾಟಿ ಕುಷ್ಟಗಿ ಮುಟ್ಟಲು ಹತ್ತು ವರ್ಷಕ್ಕೂ ಮಿಕ್ಕಿ ಹಿಡಿಯಿತು. ಗಂಗಾವತಿಯವರು ಕಾದದ್ದು ಇನ್ನೂ ಹೆಚ್ಚು. ಮುನಿರಾಬಾದ್–ಮಹಬೂಬ್‌ನಗರ ಮಾರ್ಗ 1997–98ರಲ್ಲಿ ಮಂಜೂರಾಗಿತ್ತು. ಅದರ ರೈಲು ಗಂಗಾವತಿಗೆ ಬಂದದ್ದು 2019ರಲ್ಲಿ, ಸಿಂಧನೂರಿಗೆ ಹೋದದ್ದು 2024ರಲ್ಲಿ.

ಹೀಗೆ ಕೊಪ್ಪಳ ಜಿಲ್ಲೆಯ ಹಳೆಯ ನಾಲ್ಕೂ ತಾಲೂಕು ಕೇಂದ್ರಗಳಿಗೆ ಈಗ ರೈಲಿದೆ. ದುಡಿಮೆಯ ತಾಣಗಳೂ ಹಳಿಯಿಂದ ದೂರವಿಲ್ಲ. ಗಿಣಿಗೇರಾದಲ್ಲಿ ಕಲ್ಯಾಣಿ ಸ್ಟೀಲ್ಸ್ ಮತ್ತು ಹೊಸಪೇಟೆ ಸ್ಟೀಲ್ಸ್, ಹಿಟ್ನಾಳ ಬಳಿಯ ಬೇವಿನಹಳ್ಳಿಯಲ್ಲಿ ಕಿರ್ಲೋಸ್ಕರ್ ಫೆರಸ್, ಭಾನಾಪುರದಲ್ಲಿ ಏಕಸ್ ಕಂಪನಿಯ ಆಟಿಕೆ ಕ್ಲಸ್ಟರ್. ಇಷ್ಟೆಲ್ಲ ಇದ್ದೂ ಪಾಳಿ ಕೆಲಸಕ್ಕೆ ಹೊರಟವರು ರೈಲಿನ ಕಡೆ ನೋಡುವುದು ಕಡಿಮೆ. ಬೈಕ್ ಇದ್ದವರು ಬೈಕ್ ಹತ್ತುತ್ತಾರೆ, ಇಲ್ಲದವರು ಟಂಟಂ ಆಟೊಗೋ ಕ್ರೂಸರ್ ಜೀಪಿಗೋ ಕಾಯುತ್ತಾರೆ.

ಕಾರಣ ಹುಡುಕಲು ದೊಡ್ಡ ಸಮೀಕ್ಷೆ ಬೇಕಿಲ್ಲ. ನಿಲ್ದಾಣದಲ್ಲಿ ಇಳಿದವರನ್ನು ಕಾರ್ಖಾನೆಯ ಗೇಟಿಗೆ ಮುಟ್ಟಿಸುವ, ಪಾಳಿ ಬಿಟ್ಟವರನ್ನು ರೈಲಿನ ಹೊತ್ತಿಗೆ ನಿಲ್ದಾಣಕ್ಕೆ ತರುವ ನೆಚ್ಚಿಕೆಯ ಬಸ್ಸಿಲ್ಲ. ಉಳಿದಿರುವ ದಾರಿ ಕೆಲವೇ ಕಿಲೋಮೀಟರ್. ಆದರೆ ಆ ಕೆಲವೇ ಕಿಲೋಮೀಟರ್ ಖಾತ್ರಿಯಿಲ್ಲದಿದ್ದರೆ ಹಾಜರಿ ತಪ್ಪುವ ಭಯಕ್ಕೆ ಕಾರ್ಮಿಕ ಇಡೀ ದಾರಿಯನ್ನೇ ಬೈಕಿನಲ್ಲಿ ಸವೆಸುತ್ತಾನೆ. ಅದೂ ಎಂಥ ದಾರಿ! ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿಯನ್ನು ಜೋಡಿಸುವ ರಾಷ್ಟ್ರೀಯ ಹೆದ್ದಾರಿ 67ರಲ್ಲಿ, ಭಾರದ ಲಾರಿಗಳ ನಡುವೆ, ಕೆಲವೊಮ್ಮೆ ರಾತ್ರಿ ಪಾಳಿಯ ನಿದ್ದೆಗಣ್ಣಿನಲ್ಲಿ.

ಭಾನಾಪುರದ ಉದಾಹರಣೆ ಎಲ್ಲಕ್ಕಿಂತ ಸ್ಪಷ್ಟ. ಸುಮಾರು 400 ಎಕರೆಯ ಈ ಆಟಿಕೆ ಕ್ಲಸ್ಟರ್‌ಗೆ 2021ರ ಜನವರಿಯಲ್ಲಿ ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅಡಿಗಲ್ಲು ಹಾಕಿದರು. ಯೋಜನೆ ಘೋಷಿಸಿದಾಗ 40 ಸಾವಿರ ಉದ್ಯೋಗದ ಮಾತು ಕೇಳಿಬಂದಿತ್ತು. ಅದರ ಒಂದು ಪಾಲು ಕೈಗೂಡಿದರೂ ಯಲಬುರ್ಗಾ, ಕುಕನೂರು, ಕುಷ್ಟಗಿ ಸೀಮೆಯಿಂದ ದಿನವೂ ಸಾವಿರಾರು ಜನ, ಅವರಲ್ಲಿ ಬಹಳಷ್ಟು ಹೆಣ್ಣುಮಕ್ಕಳು, ಅಲ್ಲಿಗೆ ಓಡಾಡಬೇಕು. ಕುಷ್ಟಗಿಯ ರೈಲು ಅವರ ಊರುಗಳ ಮೇಲೆಯೇ ಬರುತ್ತದೆ. ಆದರೆ ತಳಕಲ್ ಸೇರಿದ ಮೇಲೆ ಗದಗದ ಕಡೆಗೆ ತಿರುಗುತ್ತದೆ. ಭಾನಾಪುರ ಇರುವುದು ಕೊಪ್ಪಳದ ಕಡೆಗೆ. ಯಲಬುರ್ಗಾದಲ್ಲಿ ರೈಲು ಹತ್ತಿದ ಹೆಣ್ಣುಮಗಳು ಕೆಲಸದ ಜಾಗದ ಹತ್ತಿರದವರೆಗೆ ಬಂದು ತಳಕಲ್‌ನಲ್ಲಿ ಇಳಿದು ನಿಲ್ಲಬೇಕು. ಮುಂದಿನದು ಅವಳ ಪಾಡು.

ತಳಕಲ್ ನಿಲ್ದಾಣದ ಮುಂದೆ ಪಾಳಿ ಹೊತ್ತಿಗೆ ಎರಡು ಬಸ್ ನಿಂತರೆ ಈ ಕೊರತೆ ನೀಗುತ್ತದೆ. ಅವು ಕಾರ್ಮಿಕರಿಗಷ್ಟೇ ಒದಗುತ್ತವೆ ಎಂದೂ ಅಲ್ಲ. ತಳಕಲ್‌ನಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ, ಕೊಪ್ಪಳ ವಿಶ್ವವಿದ್ಯಾಲಯ ನೆಲೆಯೂರಿದ್ದೂ ಅಲ್ಲೇ. ಒಂದು ಪಾಳಿಯವರನ್ನು ಗೇಟಿಗೆ ಬಿಟ್ಟ ಬಸ್ಸು ಮುಂದಿನ ಪಾಳಿಯವರೆಗೆ ವಿದ್ಯಾರ್ಥಿಗಳನ್ನು ಹತ್ತಿಸಿಕೊಳ್ಳಬಹುದು. ಹಂಚಿಕೊಂಡು ಓಡಿಸುವ ಬಸ್ಸಿನ ಲಾಭವೇ ಇದು. ಒಂದೇ ಕಂಪನಿಯ ಬಸ್ಸು ಎಂಟು ತಾಸು ಶೆಡ್ಡಿನಲ್ಲಿ ನಿಲ್ಲುತ್ತದೆ, ಎಲ್ಲರ ಬಸ್ಸು ದಿನವಿಡೀ ದುಡಿಯುತ್ತದೆ.

ಗಿಣಿಗೇರಾದ್ದೂ ಇದೇ ಕಥೆ. ಗಂಗಾವತಿಯ ಹಳಿ ಹುಬ್ಬಳ್ಳಿಯ ಹಳಿಯನ್ನು ಸೇರುವುದು ಅಲ್ಲಿ. ಗಂಗಾವತಿ, ಕಾರಟಗಿ ಕಡೆಯವರೂ ಕೊಪ್ಪಳ, ಹೊಸಪೇಟೆ ಕಡೆಯವರೂ ಒಂದೇ ಪ್ಲಾಟ್‌ಫಾರ್ಮಿನಲ್ಲಿ ಇಳಿಯಬಹುದಾದ ನಿಲ್ದಾಣ ಅದು. ಅಲ್ಲಿಂದ ಉಕ್ಕಿನ ಕಾರ್ಖಾನೆಗಳ ಗೇಟು ಹಾದು ಬೇವಿನಹಳ್ಳಿಗೆ ಹೋಗಿ ಮರಳುವ ಒಂದು ಸುತ್ತು ಬಸ್ಸಿದ್ದರೆ ಹಲವು ಕಂಪನಿಗಳ ಜನರಿಗೆ ಆಸರೆಯಾಗುತ್ತದೆ.

ಕಂಪನಿ ಬಸ್ಸುಗಳಿವೆಯಲ್ಲ, ಮತ್ತೇಕೆ ಇದು ಎಂದು ಕೇಳುವವರಿದ್ದಾರೆ. ಕರ್ನಾಟಕಕ್ಕೆ ಈ ಬಸ್ಸುಗಳ ಅನುಭವ ಹಳೆಯದು. ಬೆಂಗಳೂರಿನ ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳ ಬಸ್ಸುಗಳನ್ನು ನೋಡಿ ಜನ ಗಡಿಯಾರ ಸರಿಪಡಿಸಿಕೊಳ್ಳುತ್ತಿದ್ದ ಕಾಲವಿತ್ತು. ಸಾವಿರಾರು ಕುಟುಂಬಗಳ ಬದುಕು ಅವುಗಳ ಮೇಲೆ ನಿಂತಿತ್ತು. ಆದರೆ ಕಂಪನಿ ಬಸ್ಸು ತನ್ನ ನೌಕರರಿಗೆ ಮಾತ್ರ. ಪಕ್ಕದ ಸಣ್ಣ ಘಟಕದಲ್ಲಿ ದುಡಿಯುವವನಿಗೆ ಅದರ ಬಾಗಿಲು ತೆರೆಯದು. ಕಾನೂನೂ ಹಾಗೆಯೇ ಇದೆ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಕಂಪನಿಯ ಖಾಸಗಿ ಸೇವಾ ವಾಹನ ಬಾಡಿಗೆಗೆ ಜನರನ್ನು ಒಯ್ಯುವಂತಿಲ್ಲ, ಒಪ್ಪಂದದ ವಾಹನ ದಾರಿಯುದ್ದಕ್ಕೂ ಕಂಡವರನ್ನು ಹತ್ತಿಸಿ ಇಳಿಸುವಂತಿಲ್ಲ. ಎಲ್ಲರಿಗೂ ಬಸ್ಸು ಬೇಕೆಂದರೆ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮವೇ ಅದನ್ನು ಓಡಿಸುವುದು ನೇರ ದಾರಿ.

ಖರ್ಚು ಯಾರದು? ಈ ಪ್ರಶ್ನೆಗೆ ಕೊಪ್ಪಳದಲ್ಲಿ ಅರ್ಧ ಉತ್ತರ ಈಗಾಗಲೇ ಸಿಕ್ಕಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರು ನಿಗಮದ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಹಣ ಕೊಡಬೇಕಿಲ್ಲ. ಆ ಹಣವನ್ನು ಸರ್ಕಾರ ನಿಗಮಕ್ಕೆ ತುಂಬಬೇಕು. ನಿಲ್ದಾಣದ ಬಸ್ಸು ಸಾಮಾನ್ಯ ಬಸ್ಸಾಗಿ ಓಡಿದರೆ ಆಟಿಕೆ ಘಟಕದ ಹೆಣ್ಣುಮಕ್ಕಳಿಗೆ ಅದು ಉಚಿತ. ಉಳಿದ ನಷ್ಟವನ್ನು ಕಾರ್ಖಾನೆಗಳು ತಮ್ಮ ಕಾರ್ಮಿಕರ ಸಂಖ್ಯೆಗೆ ತಕ್ಕಂತೆ ಹಂಚಿಕೊಳ್ಳಬೇಕು. ಇದು ದಾನವಲ್ಲ. ಹೊತ್ತಿಗೆ ಸರಿಯಾಗಿ, ದಣಿಯದೆ ಬಂದ ಕಾರ್ಮಿಕನಿಂದ ಮೊದಲ ಲಾಭ ಕಾರ್ಖಾನೆಗೇ ಅಲ್ಲವೇ?

ಬೇರೆ ಕಡೆ ಇದು ನಡೆದಿದೆ. ಅಮೆರಿಕದ ಕ್ಯಾಲಿಫೋರ್ನಿಯಾದ ಎಮರಿವಿಲ್ ಎಂಬ ಪುಟ್ಟ ಊರಿನಲ್ಲಿ ಪಕ್ಕದ ಮೆಕಾರ್ಥರ್ ರೈಲು ನಿಲ್ದಾಣದಿಂದ ಕಚೇರಿಗಳಿಗೆ ಬಸ್ಸು ಓಡುತ್ತದೆ. ಹತ್ತುವವರು ಹಣ ಕೊಡುವುದಿಲ್ಲ, ಅಲ್ಲಿನ ವಾಣಿಜ್ಯ ಆಸ್ತಿಗಳ ಮಾಲೀಕರು ಸೇರಿ ವೆಚ್ಚ ಭರಿಸುತ್ತಾರೆ. ಫ್ರಾನ್ಸ್ 1971ರಲ್ಲಿ ಪ್ಯಾರಿಸ್ ಪ್ರದೇಶದಲ್ಲಿ ಶುರು ಮಾಡಿದ ತೆರಿಗೆಯಲ್ಲಿ ಉದ್ಯೋಗದಾತರು ಸಂಬಳದ ಒಂದು ಪಾಲನ್ನು ಸಾರ್ವಜನಿಕ ಸಾರಿಗೆಗೆ ಕಟ್ಟುತ್ತಾರೆ. ಅಷ್ಟು ದೂರ ಹೋಗುವುದೂ ಬೇಡ. ಬೆಂಗಳೂರಿನಲ್ಲಿ ಮೆಟ್ರೊ ನಿಲ್ದಾಣಗಳಿಂದ ಬಿಎಂಟಿಸಿ ಫೀಡರ್ ಬಸ್ಸುಗಳು ಓಡುತ್ತಿವೆ. 2025ರ ಆಗಸ್ಟ್‌ನಲ್ಲಿ ಬೊಮ್ಮಸಂದ್ರದ ಹಳದಿ ಮಾರ್ಗ ಶುರುವಾದಾಗಲೂ ಎಲ್ಲರೂ ಮೊದಲು ಕೇಳಿದ್ದು ಇದನ್ನೇ: ಇಳಿದ ಮೇಲೆ ಆಫೀಸಿಗೆ ಹೋಗುವುದು ಹೇಗೆ? ಬೆಂಗಳೂರಿನ ಉದ್ಯೋಗಿಗೆ ಸಲ್ಲುವ ಕಾಳಜಿ ಭಾನಾಪುರದ ಕಾರ್ಮಿಕ ಮಹಿಳೆಗೂ ಸಲ್ಲಬೇಕು.

ಟಂಟಂ ಓಡಿಸುವವರನ್ನು ಈ ಲೆಕ್ಕದಿಂದ ಹೊರಗಿಟ್ಟರೆ ಅನ್ಯಾಯ. ಇಷ್ಟು ವರ್ಷ ಬಸ್ಸು ಹೋಗದ ಹಳ್ಳಿಗಳ ಜನರನ್ನು ಹೊತ್ತು ತಿರುಗಿದವರು ಅವರೇ. ಸಮಸ್ಯೆ ಇರುವುದು ಮಿತಿಮೀರಿ ತುಂಬುವುದರಲ್ಲಿ, ಬಾಗಿಲಿಗೆ ಜೋತು ಹೋಗುವುದರಲ್ಲಿ. ದೊಡ್ಡ ಬಸ್ಸು ನಿಲ್ದಾಣ ಮತ್ತು ಗೇಟಿನ ನಡುವೆ ಓಡಲಿ. ಹಳ್ಳಿಯಿಂದ ನಿಲ್ದಾಣಕ್ಕೆ ಬರುವ ದಾರಿಯನ್ನು ಇವರಿಗೆ ನಿಗದಿತ ದರ, ನಿಗದಿತ ಸೀಟಿನ ಷರತ್ತಿನ ಮೇಲೆ ಬಿಡಬಹುದು.

ರಾತ್ರಿ ಪಾಳಿಗೆ ಮಾತ್ರ ರೈಲನ್ನು ನೆಚ್ಚಿಕೊಳ್ಳಲಾಗದು. ರಾತ್ರಿ ಹತ್ತಕ್ಕೆ ಕೆಲಸ ಬಿಡುವವಳನ್ನು ಕತ್ತಲ ನಿಲ್ದಾಣದಲ್ಲಿ ಇಳಿಸಿದರೆ ಸೌಕರ್ಯ ಕೊಟ್ಟಂತಾಗುವುದಿಲ್ಲ. ಮಹಿಳೆಯರನ್ನು ರಾತ್ರಿ ಪಾಳಿಗೆ ಕರೆಯುವ ಕಾರ್ಖಾನೆ ವಾಹನ ಒದಗಿಸಲೇಬೇಕೆಂಬ ಷರತ್ತು ರಾಜ್ಯದಲ್ಲಿದೆ. ಆ ಹೊತ್ತಿನ ಬಸ್ಸು ಊರ ತನಕ ಹೋಗಬೇಕು. ಕೆಲಸಕ್ಕೆ ಹೋಗಿಬರುವ ದಾರಿಯನ್ನು ಕಾನೂನು ಕೆಲವು ಸಂದರ್ಭಗಳಲ್ಲಿ ಕೆಲಸದ ಭಾಗವೆಂದೇ ನೋಡುತ್ತದೆ. ಇಎಸ್‌ಐ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯ ನಂತರ, ಕೆಲಸದೊಂದಿಗೆ ಸಂಬಂಧ ತೋರಿಸಬಹುದಾದರೆ ಮನೆ ಮತ್ತು ಕಾರ್ಖಾನೆಯ ನಡುವಿನ ಅಪಘಾತಕ್ಕೂ ಇಎಸ್‌ಐ ಪರಿಹಾರ ಅನ್ವಯಿಸುತ್ತದೆ. ಅಪಘಾತವಾದ ಮೇಲೆ ಕೊಡುವ ಹಣದ ಒಂದಂಶ ಮೊದಲೇ ಬಸ್ಸಿಗೆ ಹೋದರೆ ಜೀವ ಉಳಿಯುತ್ತದೆ.

ಕಾರ್ಖಾನೆಗಳ ಹೊಗೆ, ದೂಳಿನ ವಿರುದ್ಧ 2025ರ ಫೆಬ್ರವರಿಯಲ್ಲಿ ಕೊಪ್ಪಳದ ಜನ ಬೀದಿಗಿಳಿದರು, ಗವಿಮಠದ ಸ್ವಾಮೀಜಿಯೂ ಜೊತೆ ನಿಂತರು. ಆ ಹೋರಾಟದ ಪ್ರಶ್ನೆಗಳಿಗೆ ಬಸ್ಸು ಉತ್ತರವಲ್ಲ. ಆದರೆ ಈಗಾಗಲೇ ನಡೆಯುತ್ತಿರುವ ಕಾರ್ಖಾನೆಗಳಿಗೆ ದುಡಿಯಲು ಹೋಗುವವರ ಓಡಾಟ ಆ ಪ್ರಶ್ನೆಗಳ ತೀರ್ಮಾನಕ್ಕೆ ಕಾಯುತ್ತ ಕೂರಬೇಕಿಲ್ಲ.

ಇದಕ್ಕೆ ಹೊಸ ಕಾಯ್ದೆ ಬೇಡ, ಹೊಸ ಇಲಾಖೆಯೂ ಬೇಡ. ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಕೈಗಾರಿಕೆಗಳಿಗೆ ಒಪ್ಪಿಗೆ ಕೊಡುವ ಜಿಲ್ಲಾ ಮಟ್ಟದ ಏಕಗವಾಕ್ಷಿ ಸಮಿತಿಗೂ ಅವರೇ ಅಧ್ಯಕ್ಷರು. ನಿಗಮದ ಕೊಪ್ಪಳ ವಿಭಾಗ, ನೈರುತ್ಯ ರೈಲ್ವೆ ಮತ್ತು ಕಾರ್ಖಾನೆಗಳ ಸಿಬ್ಬಂದಿ ಅಧಿಕಾರಿಗಳನ್ನು ಅವರು ಒಂದೇ ಮೇಜಿಗೆ ಕರೆದು ಪಾಳಿಯ ವೇಳೆ, ರೈಲಿನ ವೇಳೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲಿ. ಮೊದಲು ತಳಕಲ್–ಭಾನಾಪುರ, ಗಿಣಿಗೇರಾ–ಬೇವಿನಹಳ್ಳಿ ಎರಡೇ ಮಾರ್ಗದಲ್ಲಿ ಆರು ತಿಂಗಳು ಓಡಿಸಲಿ, ರೈಲು ತಡವಾದರೆ ಬಸ್ಸು ಕಾಯಬೇಕೆಂಬ ಒಂದು ನಿಯಮವನ್ನು ಬಿಗಿಯಾಗಿ ಪಾಲಿಸಲಿ. ಮುಂದೆ ಈ ಜಿಲ್ಲೆಯಲ್ಲಿ ಜಾಗ ಕೇಳಿಕೊಂಡು ಬರುವ ಕಾರ್ಖಾನೆಗಳ ಅರ್ಜಿಯಲ್ಲಿ, ನೀರು ಮತ್ತು ವಿದ್ಯುತ್ತಿನ ಬೇಡಿಕೆಯ ಜೊತೆಗೆ, ಕಾರ್ಮಿಕರು ಯಾವ ನಿಲ್ದಾಣದಿಂದ ಹೇಗೆ ಬರುತ್ತಾರೆ ಎಂಬುದಕ್ಕೂ ಒಂದು ಕಾಲಂ ಇರಲಿ.